ಹೋಗೋಣ ಎಂಬ ಮಾತು

ಮಾತಿನ ಒಂದು ಬಾಲಕ್ಕಾಗಿ ನಾನು ಇಡೀ ಬೇಸಿಗೆ ಕಿವಿ ನಿಮಿರಿಸಿಕೊಂಡು ಕೂತಿದ್ದೆ ಎಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ, ನನ್ನ ಗಂಟೇನೂ ಹೋಗುವುದಿಲ್ಲ.

ಶುರುವಾದದ್ದು ಒಂದು ಸಂಜೆಯ ಊಟದ ಹೊತ್ತಿಗೆ. ನನ್ನ ತಮ್ಮ ಕೈ ತೊಳೆಯಲು ಎದ್ದವನು ಅರ್ಧ ದಾರಿಯಲ್ಲಿ ನಿಂತು, ಭಾಷಣಕ್ಕೆ ನಿಂತವನ ಹಾಗೆ ಗಂಟಲು ಸರಿಮಾಡಿಕೊಂಡ.

"ಈ ರಜಕ್ಕೆ ಸಮುದ್ರಕ್ಕೆ ಹೋಗ್ತೀವಿ. ಬಲೂನ್ ಮಾರೋ ಸಮುದ್ರ ಅಲ್ಲ. ಕಾಡು ಸಮುದ್ರ. ರಸ್ತೆನೂ ಇಲ್ಲ, ಜನಾನೂ ಇಲ್ಲ."

ಅವನ ಹೆಂಡತಿ ಮುಗುಳ್ನಕ್ಕಳು. ಅವಳಿಗೆ ಮೊದಲೇ ಗೊತ್ತಿತ್ತು. ಮಗಳು ಚೂಟಿ ಕುರ್ಚಿಯ ಮೇಲೆ ನಿಂತು ಕಿರುಚಿದಳು. ನಾನು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ಒಂದೇ ಯೋಚನೆ ಮಾಡಿದೆ. ಅವನು "ಹೋಗ್ತೀವಿ" ಎಂದ. "ಹೋಗೋಣ" ಎನ್ನಲಿಲ್ಲ.

ಹೋಗೋಣ ಎಂದರೆ ಎದುರಿಗೆ ಕೂತವರೂ ಅದರೊಳಗೆ ಬಂದಂತೆ. ಬೇರೆ ಕರೆಯಬೇಕಾಗಿಯೇ ಇಲ್ಲ, ಆ ಬಾಲದಲ್ಲೇ ಕರೆ ಇದೆ. ಹೋಗ್ತೀವಿ ಹಾಗಲ್ಲ. ಅದರೊಳಗೆ ನಾವು ಇರಬಹುದು, ಇಲ್ಲದೆಯೂ ಇರಬಹುದು. ಹೇಳಿದವನಿಗೆ ನಷ್ಟವಿಲ್ಲ, ಕೇಳಿದವಳು ಊಹೆ ಮಾಡುತ್ತಾ ಸಾಯಬೇಕು.

ನಾನು ಅವನ ಅಕ್ಕ. ಒಂದು ಮದುವೆ ಮಾಡಿಕೊಂಡು, ಅದು ಸಾಕಾಗಿ, ಒಂದು ಪೆಟ್ಟಿಗೆ ಹಿಡಿದು ವಾಪಸ್ಸು ಬಂದವಳು. ತಮ್ಮನ ಮನೆಯ ನಡುಮನೆಯಲ್ಲಿ ಕಿಟಕಿಯ ಪಕ್ಕ ನನ್ನ ಮಂಚವಿದೆ. ಹಗಲೆಲ್ಲ ಟಾರ್ಪಾಲ್ ಅಂಗಡಿಯಲ್ಲಿ ದೊಡ್ಡ ಮಿಷನ್ನಿನ ಮುಂದೆ ಕೂತು ಲಾರಿಯ ಹೊದಿಕೆ, ಅಂಗಡಿಗಳ ಮುಂದಿನ ಬಿಸಿಲು ಮರೆ, ಡೇರೆ ಹೊಲಿಯುತ್ತೇನೆ. ನಾನು ಹೊಲಿದ ಡೇರೆಗಳು ಬೆಟ್ಟದ ಮೇಲೆ, ನದಿಯ ದಂಡೆಯಲ್ಲಿ, ಎಲ್ಲೆಲ್ಲೋ ನಿಂತಿವೆ. ಒಂದರೊಳಗೂ ನಾನು ಮಲಗಿಲ್ಲ. ಗಾಳಿ ಜೋರಾಗಿ ಬೀಸಿದಾಗ ನನ್ನ ಹೊಲಿಗೆ ಒಳಗಿನಿಂದ ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿಲ್ಲ. ಸಮುದ್ರವನ್ನೂ ನೋಡಿದವಳಲ್ಲ. ನನಗೂ ಹೋಗಬೇಕಿತ್ತು. ಇಷ್ಟೇ ವಿಷಯ.

ಹಾಗಾದರೆ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರೆ "ಅಯ್ಯೋ ಬಾ, ಅದಕ್ಕೇನಂತೆ" ಎನ್ನುತ್ತಾರೆ. ಆ "ಅದಕ್ಕೇನಂತೆ" ನನಗೆ ಬೇಡವಾಗಿತ್ತು. ಅವರ ಮನೆಯಲ್ಲಿ ಅನ್ನ, ನೀರು, ಮಂಚ ಎಲ್ಲವೂ ಅದಕ್ಕೇನಂತೆ ಎಂದೇ ಸಿಕ್ಕಿದ್ದು. ಒಂದಾದರೂ ಕೇಳದೆ ಸಿಗಲಿ ಎಂದು ನನಗೆ ಹಟ.

ತಮ್ಮನ ಸಾಹಸದ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನು ವಿಮಾ ಕಚೇರಿಯಲ್ಲಿದ್ದಾನೆ. ಮೆಟ್ಟಿಲು ಜಾರುತ್ತದೆ, ಗ್ಯಾಸ್ ಸಿಡಿಯುತ್ತದೆ, ಎದೆ ನಿಂತುಹೋಗುತ್ತದೆ ಎಂದು ದಿನವಿಡೀ ಜನರನ್ನು ಹೆದರಿಸುವುದೇ ಅವನ ಉದ್ಯೋಗ. ಸ್ವತಃ ಹಲ್ಲಿ ಕಂಡರೆ ಕುರ್ಚಿ ಹತ್ತುವವನು. ಅವನ ಕಚೇರಿಯಲ್ಲಿ ಯಾರೋ ಒಬ್ಬ ಹಿಮದ ಬೆಟ್ಟ ಹತ್ತಿ ಬಂದು ಫೋಟೋ ತೋರಿಸಿದ್ದೇ ತಡ, ಇವನ ಹೊಟ್ಟೆಗೆ ಬೆಂಕಿ ಬಿತ್ತು. ಬೆನ್ನಿಗೆ ಹಳೆಯ ಪುಸ್ತಕ ತುಂಬಿದ ಚೀಲ ಕಟ್ಟಿಕೊಂಡು ಬೆಳಿಗ್ಗೆ ಬೆಳಿಗ್ಗೆ ಮೆಟ್ಟಿಲು ಹತ್ತಿ ಇಳಿಯತೊಡಗಿದ. ಮೂರನೆಯ ಮಹಡಿಯ ಮುದುಕರು ಬಾಗಿಲು ತೆರೆದು, "ಮನೆ ಖಾಲಿ ಮಾಡ್ತಿದೀರಾ?" ಎಂದು ಕೇಳಿದರು.

ಅವನ ಹೆಂಡತಿ ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ. ನಾನು ಮನಸ್ಸಿನಲ್ಲೇ ಅವಳನ್ನು ಟೀಚರಮ್ಮ ಎಂದು ಕರೆಯುವುದು. ಅವಳು ಅಂಗೈಯಗಲದ ಒಂದು ಒಲೆ ತರಿಸಿ ಬಾಲ್ಕನಿಯಲ್ಲಿ ನೀರು ಕಾಯಿಸುವ ಅಭ್ಯಾಸಕ್ಕೆ ಬಿದ್ದಳು. ಗಾಳಿಗೆ ಉರಿ ಆರುವುದು, ಇವಳು ಹಚ್ಚುವುದು. ಹದಿನೈದು ಹೆಜ್ಜೆ ಆಚೆ ಅಡುಗೆಮನೆಯಲ್ಲಿ ಒಲೆ ಸುಮ್ಮನೆ ಕೂತಿರುತ್ತಿತ್ತು. ಕೊನೆಗೆ ಉಗುರುಬೆಚ್ಚಗಿನ ನೀರಿನಲ್ಲಿ ಮಾಡಿದ ಚಹಾ ನನಗೂ ಒಂದು ಲೋಟ ಬರುತ್ತಿತ್ತು. ಕುಡಿದು ಚೆನ್ನಾಗಿದೆ ಎನ್ನುತ್ತಿದ್ದೆ. ಚೂಟಿಯಂತೂ ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಉಸಿರು ಬಿಗಿಹಿಡಿಯುವುದನ್ನು ಕಲಿತು, ಬಚ್ಚಲಿನಿಂದ ನಡುಮನೆಯವರೆಗೆ ನೀರು ಚೆಲ್ಲುತ್ತಿದ್ದಳು.

ನಕ್ಷೆ ಅಂಟಿಸಲು ಮನೆಯಲ್ಲಿ ಖಾಲಿ ಇದ್ದದ್ದು ನನ್ನ ಮಂಚದ ಮೇಲಿನ ಗೋಡೆ ಮಾತ್ರ. ಸಂಜೆಯಾದರೆ ಸಾಕು, ಗಂಡ ಹೆಂಡತಿ ಇಬ್ಬರೂ ನನ್ನ ಹಾಸಿಗೆಯ ಮೇಲೆ ಮೊಣಕಾಲೂರಿ ಅದನ್ನು ನೋಡುತ್ತಿದ್ದರು.

"ಅತ್ತಿಗೆ, ಸ್ವಲ್ಪ ಕಾಲು ಮಡಚ್ಕೊಳ್ಳಿ" ಎನ್ನುವಳು ಟೀಚರಮ್ಮ.

ನಾನು ಕಾಲು ಮಡಚಿಕೊಂಡು ಕೇಳುತ್ತಿದ್ದೆ. ಕೇಳಿ ಕೇಳಿ ಆ ತೀರ ನನಗೆ ಬಾಯಿಪಾಠವಾಯಿತು. ರಸ್ತೆ ಒಂದು ಸಣ್ಣ ಊರಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಅರ್ಧ ದಿನ ಕುರುಚಲು ಕಾಡು. ಆಮೇಲೆ ಕಪ್ಪು ಬಂಡೆ, ಹಗ್ಗ ಹಿಡಿದು ಇಳಿಯಬೇಕು. ಬಂಡೆಯ ಬುಡವನ್ನು ಬಳಸಿಕೊಂಡು ಆಚೆಗೆ ದಾಟಿದರೆ ಮರಳು, ಸಿಹಿನೀರಿನ ಒಂದು ತೊರೆ, ಹಕ್ಕಿ, ಗಾಳಿ. ಕಡಲಿನ ನೀರು ತೀರಾ ಕೆಳಗಿಳಿಯುವ ಒಂದು ವಾರ ಮಾತ್ರ ಹಾಗೆ ದಾಟಲು ದಾರಿ ಸಿಗುತ್ತದಂತೆ. ನಾನು ಕಣ್ಣು ಮುಚ್ಚಿಕೊಂಡು ಎಷ್ಟು ಸಲ ಆ ಬಂಡೆ ಇಳಿದಿದ್ದೇನೋ. ಆದರೆ ಅವರ ಬಾಯಲ್ಲಿ ಮಾತ್ರ ಇಳೀತೀವಿ, ದಾಟ್ತೀವಿ, ಮಲಗ್ತೀವಿ.

ಒಂದು ಭಾನುವಾರ ತಮ್ಮ ನನ್ನ ಮಂಚದ ತುದಿಯಲ್ಲಿ ಬಂದು ಕೂತ. ಅವನು ಹಾಗೆ ಕೂತರೆ ಏನೋ ಬೇಕು ಎಂದೇ ಅರ್ಥ.

"ಅಕ್ಕಾ, ಅಂಗಡೀಲಿ ಸಿಗೋ ಟೆಂಟ್ ಎಲ್ಲಾ ಬರೀ ಶೋಕಿ. ನೀನೇ ಒಂದು ಹೊಲ್ದುಕೊಡು. ನಿನ್ನ ಹೊಲಿಗೆ ಅಂದ್ರೆ ಬಿರುಗಾಳಿಗೂ ಜಗ್ಗಲ್ಲ."

"ಬೆಣ್ಣೆ ಹಚ್ಚಿದ್ದು ಸಾಕು. ಎಷ್ಟು ಜನಕ್ಕೆ?"

ನಾನು ಸೂಜಿಯ ಕಣ್ಣು ನೋಡುತ್ತಿದ್ದವಳಂತೆ ತಲೆ ತಗ್ಗಿಸಿಯೇ ಕೇಳಿದೆ. ಅವನು ಫೋನ್ ನೋಡುತ್ತಾ ಹೇಳಿದ:

"ಮನೆಯವರಿಗೆಲ್ಲ ಆಗೋ ಹಾಗೆ."

ಮನೆಯವರಿಗೆಲ್ಲ! ನನಗೆ ಅಷ್ಟು ಸಾಕಾಯಿತು. ಹೋಗೋಣ ಎನ್ನದಿದ್ದರೇನು, ಇದೂ ಅದರ ಒಡಹುಟ್ಟಿದ ಮಾತೇ ಎಂದುಕೊಂಡೆ.

ಅಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಮಾಲೀಕರನ್ನು ಕೇಳಿಕೊಂಡು ಮಿಷನ್ ಹಿಡಿದೆ. ನಮ್ಮ ಅಂಗಡಿ ಎಂದರೆ ಒಂದು ಉದ್ದನೆಯ ಶೆಡ್ಡು. ಮೇಣ, ರಬ್ಬರು, ಬಿಸಿಯಾದ ಬಟ್ಟೆಯ ವಾಸನೆ. ನೆಲದ ಮೇಲೆ ಬಟ್ಟೆ ಹರಡಿ, ಚಪ್ಪಲಿ ಬಿಟ್ಟು ಅದರ ಮೇಲೇ ಓಡಾಡಿ ಗುರುತು ಹಾಕುತ್ತೇವೆ. ನಾನು ಬಟ್ಟೆಯ ಮೇಲೆ ಮಲಗಿ ಅಳತೆ ತೆಗೆದೆ. ಇದು ತಮ್ಮ, ಇದು ಟೀಚರಮ್ಮ, ನಡುವೆ ಚೂಟಿ. ನಿದ್ದೆಯಲ್ಲಿ ಗಿರಗಿರ ತಿರುಗುವವಳು, ಅವಳಿಗೆ ಜಾಸ್ತಿ ಜಾಗ. ಬಾಗಿಲ ಹತ್ತಿರ ನಾನು. ಬಾಗಿಲ ಹತ್ತಿರ ಗಾಳಿ ಬಡಿಯುತ್ತದೆ, ಯಾರೂ ಬೇಕೆನ್ನುವುದಿಲ್ಲ. ನನಗೆ ಅದೇ ಬೇಕಿತ್ತು.

ಅಂಚಿಗೆ ಹಗ್ಗ ಪೋಣಿಸಲು ಹಿತ್ತಾಳೆಯ ಉಂಗುರ ಬಡಿಯುವವಳು ನನಗಿಂತ ಹಿರಿಯಳು, ಅಂಗಡಿಯವರೆಲ್ಲ ಅವಳನ್ನು ಉಂಗುರದಕ್ಕ ಎನ್ನುತ್ತೇವೆ. ಅವಳು ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು.

"ನೀನೂ ಹೋಗ್ತಿದೀಯೇನೇ?"

"ಹೂಂ ಮತ್ತೆ. ಮನೆಯವರೆಲ್ಲ."

"ಕರೆದ್ರಾ?"

"ಮನೇಲಿ ಇರೋರನ್ನ ಯಾರಾದ್ರೂ ಕರೀತಾರಾ ಅಕ್ಕಾ?"

"ಅದೂ ಸರಿ" ಎಂದು ಅವಳು ಮತ್ತೆ ಸುತ್ತಿಗೆ ಎತ್ತಿಕೊಂಡಳು. ಅವಳ ದನಿಯಲ್ಲಿ ಸರಿ ಇರಲಿಲ್ಲ. ಬಾಗಿಲ ಕಡೆಯ ಉಂಗುರಗಳನ್ನು ಮಾತ್ರ ಎರಡೆರಡು ಬಡಿದುಕೊಟ್ಟಳು.

ಡೇರೆಯನ್ನು ಮೊದಲು ನಿಲ್ಲಿಸಿದ್ದು ನಮ್ಮ ಕಟ್ಟಡದ ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಗೂಟ ಹೊಡೆಯಲು ಮಣ್ಣಿಲ್ಲ, ಇಟ್ಟಿಗೆಗೆ ಹಗ್ಗ ಕಟ್ಟಿದೆವು. ನಿಂತ ಡೇರೆ ನೋಡಿ ನನ್ನದೇ ದೃಷ್ಟಿ ತಾಕೀತು ಅನ್ನಿಸಿತು. ಒಂದು ಸುಕ್ಕಿಲ್ಲ. ಎಲ್ಲರೂ ಒಳಗೆ ನುಗ್ಗಿ ಸಾಲಾಗಿ ಮಲಗಿದರು.

"ಅತ್ತೆ, ನೀನೂ ಬಾ" ಎಂದು ಚೂಟಿ ಕೂಗಿದಳು.

ನಾನು ಬಾಗಿಲ ಹತ್ತಿರದ ನನ್ನ ಜಾಗದಲ್ಲಿ ಮೈಚಾಚಿದೆ. ಗಾಳಿ ಬಂತು. ಬಟ್ಟೆ ಒಮ್ಮೆ ಉಬ್ಬಿ ಒಮ್ಮೆ ಒಳಗೆಳೆದುಕೊಂಡಿತು, ಹೊಲಿಗೆ ಸಣ್ಣಗೆ ಕಿರುಗುಟ್ಟಿತು, ಹಿಡಿದುಕೊಂಡಿತು. ಅಷ್ಟು ಸುಖ ನಾನು ಈಚೆಗೆ ಕಂಡದ್ದಿಲ್ಲ. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು.

ಆಗ ಟೀಚರಮ್ಮ ತಲೆಯೆತ್ತಿ ನನ್ನ ಕಡೆ ನೋಡಿದಳು. ನನ್ನನ್ನಲ್ಲ, ನಾನು ಮಲಗಿದ್ದ ಜಾಗವನ್ನು.

"ದೊಡ್ಡದಾಗೇ ಹೊಲ್ದಿದೀರ ಅತ್ತಿಗೆ. ಒಳ್ಳೇದೇ ಆಯ್ತು. ಸಾಮಾನೆಲ್ಲ ಅಲ್ಲಿ ಇಡಬಹುದು."

ತಮ್ಮ "ಹೌದಲ್ವಾ" ಎಂದ. ಅದರಲ್ಲಿ ಕೆಟ್ಟತನ ಒಂದಿಷ್ಟೂ ಇರಲಿಲ್ಲ. ಕೆಟ್ಟತನವಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಎದ್ದು, ಹಗ್ಗ ಸಡಿಲವಾಗಿದೆ ಎಂದು ನೆಪ ಹೇಳಿ ಹೊರಗೆ ಹೋದೆ. ಹಗ್ಗ ಎಲ್ಲೂ ಸಡಿಲವಾಗಿರಲಿಲ್ಲ.

ಅದೇ ವಾರ ತಿಳಿಯಿತು, ಟೀಚರಮ್ಮನ ಅಮ್ಮ ಜೊತೆಗೆ ಹೋಗುವವರಿದ್ದಾರೆ ಎಂದು. ಚೂಟಿಯನ್ನು ನೋಡಿಕೊಳ್ಳಲಿಕ್ಕಂತೆ. ಡೇರೆಯನ್ನು ಮಡಚಿ, ಚೀಲಕ್ಕೆ ತುಂಬಿ, ಮಂಚದ ಕೆಳಗೆ ತಳ್ಳಿದೆ. ಅದರ ಒಳಗಲ್ಲ, ಹೀಗೆ ಅದರ ಮೇಲೆ ಮಲಗಿದ್ದೇ ಬಂತು. ಅಂಗಡಿಯಲ್ಲಿ ಉಂಗುರದಕ್ಕ ಏನೂ ಕೇಳಲಿಲ್ಲ. ಕೇಳದಿರುವುದೇ ನನಗೆ ಹೆಚ್ಚು ಉರಿಯಿತು.

ಆಮೇಲೆ ಆ ಅಮ್ಮ ಕೈಕೊಟ್ಟರು. ಕಣ್ಣಿನ ಪೊರೆ ತೆಗೆಸಲು ಡಾಕ್ಟರು ಆ ವಾರವೇ ಬರಹೇಳಿದ್ದರಂತೆ. ಫೋನ್ ಇಟ್ಟ ಮೇಲೆ ಗಂಡ ಹೆಂಡತಿ ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಗುಸುಗುಸು ಮಾಡಿದರು. ಮರುದಿನ ಸಂಜೆ ತಮ್ಮ ನನ್ನ ಅಂಗಡಿಗೇ ಬಂದ. ಯಾವತ್ತೂ ಆ ಕಡೆ ತಲೆ ಹಾಕದವನು ಶೆಡ್ಡಿನ ಬಾಗಿಲಲ್ಲಿ ನಿಂತು, ಮಿಷನ್ನಿನ ಸದ್ದನ್ನು ಮೀರಿಸಿ ಕೂಗಿದ.

"ಅಕ್ಕಾ, ನೀನೂ ರಜ ಹಾಕು. ಸಮುದ್ರಕ್ಕೆ ಹೋಗೋಣ!"

ನಾನು ಮಿಷನ್ ನಿಲ್ಲಿಸಿದೆ.

"ಏನಂದೆ?"

"ಹೋಗೋಣ ಅಂದೆ. ಎಲ್ಲರೂ."

ಚೂಟಿಯ ಅಜ್ಜಿ ತಪ್ಪಿಸಿಕೊಂಡದ್ದಕ್ಕೆ ನನ್ನ ಸರದಿ ಎಂದು ನನಗೇನು ಗೊತ್ತಾಗಲಿಲ್ಲವೇ? ಗೊತ್ತಾಯಿತು. ಗೊತ್ತಾಗಿಯೂ ಕುಣಿದುಬಿಟ್ಟೆ. ಬದಲಿಯಾಗಿ ಹೋದರೇನು, ಚೂಟಿಯನ್ನು ನೋಡಿಕೊಳ್ಳುವುದೇನು ನನಗೆ ಹೊಸದೇ, ಡೇರೆಯಲ್ಲಿ ಬಾಗಿಲ ಹತ್ತಿರ ಒಂದು ಜಾಗ ಸಿಕ್ಕಿತಲ್ಲ. ಹಲ್ಲುಕಿರಿದುಕೊಂಡು ಮಾಲೀಕರ ಹತ್ತಿರ ರಜ ಕೇಳಿದೆ. ದಾರಿಯಲ್ಲಿ ನೀರಿನಲ್ಲಿ ಜಾರದಂಥ ರಬ್ಬರ್ ಬೂಟು ಕೊಂಡೆ. ಮನೆಗೆ ಬಂದು, ಬಂಡೆಯ ಮೇಲೆ ಹೀಗೆ ಕಾಲಿಡಬೇಕು ಎಂದು ಚೂಟಿಗೆ ಮಂಚದಿಂದ ಕುರ್ಚಿಗೆ ದಾಟಿ ತೋರಿಸಿದೆ. ಅವಳು ನಕ್ಕು ನಕ್ಕು ಉರುಳಾಡಿದಳು. ನಾನೂ ನಕ್ಕೆ. ನಾನು ಅಷ್ಟು ನಕ್ಕದ್ದನ್ನು ಅವಳು ನೋಡಿದ್ದೇ ಇಲ್ಲ.

ಸಂತೋಷ ಮರುದಿನದ ಊಟದವರೆಗೆ ಇತ್ತು. ಊಟವಾದ ಮೇಲೆ ತಮ್ಮ ನಕ್ಷೆಯ ಮುಂದೆ ನಿಂತು ದಾರಿಯನ್ನೆಲ್ಲ ಮತ್ತೊಮ್ಮೆ ವಿವರಿಸಿದ. ರಸ್ತೆ ಮುಗಿಯುವ ಆ ಸಣ್ಣ ಊರಿನ ಮೇಲೆ ಬೆರಳಿಟ್ಟು ಹೇಳಿದ:

"ಇಲ್ಲಿ ನೀವಿಬ್ರೂ ಇಳ್ಕೊಳ್ತೀರಿ. ನೀನು, ಚೂಟಿ. ಲಾಡ್ಜ್ ಮಾತಾಡಿದೀನಿ. ನಾವಿಬ್ರೂ ಆ ಕಡೆ ಹೋಗಿ, ವಾರ ಬಿಟ್ಟು ವಾಪಸ್ ಬಂದು ನಿಮ್ಮನ್ನ ಕರ್ಕೊಳ್ತೀವಿ."

ಅವನ ಬೆರಳಿನಿಂದ ಕಡಲಿಗೆ ಎಷ್ಟು ದೂರ ಎಂದು ನನಗೆ ಗೊತ್ತಿತ್ತು. ಆ ಗೋಡೆಯ ಕೆಳಗೆ ಮಲಗಿದವಳು ನಾನು.

"ನೋಡೋಣ" ಎಂದೆ.

ಆ ಮಾತಿನ ಅರ್ಥವನ್ನು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಟೀಚರಮ್ಮನ ಮುಖ ಬಿಗಿಯಿತು.

"ನೋಡೋಣ ಅಂದ್ರೆ? ರಜ ಹಾಕಿದೀರಲ್ಲ ಅತ್ತಿಗೆ. ಇನ್ನೇನು ನೋಡೋದು?"

"ಸಮುದ್ರ. ಅದನ್ನ ನೋಡೋದು ಅಂದ್ಕೊಂಡಿದ್ದೆ."

"ಲಾಡ್ಜ್ ಮಾಳಿಗೆ ಹತ್ತಿದ್ರೆ ದೂರದಲ್ಲಿ ಕಾಣುತ್ತಂತೆ. ರೂಮಲ್ಲಿ ಟೀವಿನೂ ಇದೆ."

"ಟೀವಿ ಇಲ್ಲೂ ಇದೆಯಲ್ಲಮ್ಮ."

ತಮ್ಮ ರೇಗಿದ. "ಏನಕ್ಕಾ ನಿಂದು? ನಿನ್ನೆ ಕುಣಿದಾಡಿದೆ, ಇವತ್ತು ಮುಖ ಊದಿಸ್ಕೊಂಡೆ."

"ಆ ಡೇರೆ ಯಾಕೆ ಅಷ್ಟು ದೊಡ್ಡದು ಗೊತ್ತಾ ನಿಂಗೆ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಬಾಗಿಲ ಹತ್ರ ಇರೋದು ಸಾಮಾನಿನ ಜಾಗ ಅಲ್ಲ. ಅದು ನನ್ನ ಜಾಗ. ನನ್ನ ಮೈಯಳತೆ ಇಟ್ಟು ಹೊಲ್ದಿದ್ದು. ಮನೆಯವರಿಗೆಲ್ಲ ಅಂದೆ ನೀನು. ನಾನು ನಂಬಿದೆ."

ತಮ್ಮ ನಕ್ಷೆಯ ಒಂದು ಮೂಲೆ ಕಿತ್ತುಬಂದದ್ದನ್ನು ಒತ್ತಿ ಒತ್ತಿ ಅಂಟಿಸಿದ. ಆಮೇಲೆ ಮೆಲ್ಲಗೆ ಹೇಳಿದ.

"ಬರ್ಬೇಕು ಅಂತಿದ್ರೆ ಬಾಯಿ ಬಿಟ್ಟು ಹೇಳ್ಬಾರ್ದಾ ಅಕ್ಕಾ? ನೀನು ಒಂದು ದಿನ ಕೇಳಿದೀಯಾ? ನಿಂಗೆ ಇದೆಲ್ಲ ಹುಚ್ಚಾಟ ಅನ್ಸುತ್ತೆ ಅಂದ್ಕೊಂಡಿದ್ವಿ."

ಅದರಲ್ಲಿ ನ್ಯಾಯವಿತ್ತು. ಅದಕ್ಕೇ ನನ್ನ ಹಟವನ್ನೆಲ್ಲ ನುಂಗಿಕೊಂಡು, ಬೇಡಬಾರದು ಎಂದುಕೊಂಡದ್ದನ್ನು ಬೇಡಿದೆ.

"ಸರಿ, ಈಗ ಕೇಳ್ತಿದೀನಿ. ನಾನೂ ಬರ್ತೀನಿ. ಚೂಟಿನೂ ಬರಲಿ. ಅವಳನ್ನ ನನ್ನ ಸೊಂಟಕ್ಕೆ ಕಟ್ಕೊಂಡು ಇಳಿಸ್ತೀನಿ. ಎಲ್ಲರೂ ಅಲ್ಲೇ ಮಲಗೋಣ."

"ಆ ಬಂಡೆ ಮೇಲೆ ನೀನು ಇಳೀತೀಯಾ? ಈ ವಯಸ್ಸಲ್ಲಿ? ಏನಾದ್ರೂ ಆದ್ರೆ ಯಾರು ಹೊಣೆ?"

ಮಾತಾಡಿದ್ದು ತಮ್ಮನಲ್ಲ, ವಿಮೆಯವನು. ನಾನು ಟೀಚರಮ್ಮನ ಕಡೆ ತಿರುಗಿದೆ. ಅವಳು ಕಣ್ಣು ತಪ್ಪಿಸಲಿಲ್ಲ, ಅದು ಅವಳ ಗುಣ.

"ನಂಗೆ ಒಂದು ವಾರ ಮನೆ ಬಿಟ್ಟು ಇರ್ಬೇಕು ಅನ್ಸಿದೆ ಅತ್ತಿಗೆ. ನಾವಿಬ್ರೇ. ಮದುವೆಯಾದಾಗಿಂದ ಒಂದು ದಿನ ಇದ್ದಿಲ್ಲ. ಕೋಣೆಯಿಂದ ಆಚೆ ಬಂದ್ರೆ ನಡುಮನೇಲಿ ಯಾವಾಗ್ಲೂ..."

ಅಲ್ಲಿಗೆ ನಿಲ್ಲಿಸಿದಳು. ಉಳಿದದ್ದು ನಾನು. ನಡುಮನೆಯಲ್ಲಿ ಯಾವಾಗಲೂ ಇರುವವಳು ನಾನೊಬ್ಬಳೇ. ಅವರಿಗೆ ಬೇಕಿದ್ದದ್ದು ಕಡಲಲ್ಲ, ರಸ್ತೆಯೇ ಇಲ್ಲದಷ್ಟು ದೂರ. ನಾನಿಲ್ಲದ ಜಾಗ ಹುಡುಕಲು ಅವರು ನನ್ನ ಹಾಸಿಗೆಯ ಮೇಲೇ ಮೊಣಕಾಲೂರಿ ಕೂತಿದ್ದರು. ನನಗೆ ಅವಳ ಮೇಲೆ ಸಿಟ್ಟು ಬಂತು, ಅವಳು ಹೇಳಿದ್ದು ನಿಜವಾದ್ದರಿಂದ ಇನ್ನೂ ಹೆಚ್ಚು ಬಂತು.

"ಹೋಗಿ ಬನ್ನಿ" ಎಂದೆ. "ನಾನು ಲಾಡ್ಜಿಗೆ ಬರಲ್ಲ."

ಪ್ರವಾಸ ನಿಲ್ಲುತ್ತದೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ಮಗುವನ್ನು ಬಿಟ್ಟು ಹೋಗುವವರಲ್ಲ ಇವರು. ಆದರೆ ಕಡಲು ಇಳಿಯುವ ವಾರ ಯಾರಿಗಾಗಿಯೂ ಕಾಯುವುದಿಲ್ಲವಲ್ಲ. ಅವರು ಮತ್ತೊಮ್ಮೆ ಕೋಣೆಯ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ತೀರ್ಮಾನವಾಗಿತ್ತು. ಚೂಟಿ ಮನೆಯಲ್ಲೇ ಇರುತ್ತಾಳೆ, ಹೇಗೂ ಅತ್ತೆ ರಜ ಹಾಕಿದ್ದಾಳೆ. ಮಗುವಿಗೆ ಅದನ್ನು ಹೇಳಿದ್ದು ತಮ್ಮ. ಹೇಗೆ ಹೇಳಿದ ಎಂದು ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ.

"ಅತ್ತೆ ಬರಲ್ಲ ಅಂದ್ಬಿಟ್ರು ಪುಟ್ಟಾ. ಏನ್ಮಾಡೋದು ಹೇಳು?"

ಹೊರಟ ದಿನ ಜೀಪು ಬೆಳಿಗ್ಗೆಯೇ ಬಂತು. ಡೇರೆಯ ಚೀಲವನ್ನು ಮಂಚದ ಕೆಳಗಿನಿಂದ ನಾನೇ ಎಳೆದುಕೊಟ್ಟೆ. ಅದನ್ನು ಜೀಪಿನ ಮೇಲೆ ಅಡ್ಡಾದಿಡ್ಡಿ ಕಟ್ಟಿದ್ದನ್ನು ನೋಡಲಾಗದೆ ಬಿಚ್ಚಿ ಸರಿಯಾಗಿ ಕಟ್ಟಿದೆ. ಟೀಚರಮ್ಮ ಮಗುವಿಗೆ ಮುತ್ತು ಕೊಟ್ಟು ಅತ್ತಳು, ಅಳು ನಾಟಕವಲ್ಲ. ತಮ್ಮ ನನ್ನ ಮುಖ ನೋಡದೆ "ಹೋಗಿ ಬರ್ತೀವಿ ಅಕ್ಕಾ" ಎಂದ. ಜೀಪು ಓಣಿಯ ತಿರುವಿನಲ್ಲಿ ಮರೆಯಾಯಿತು.

ಚೂಟಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬೆನ್ನಿಗೆ ಅವಳ ಪುಟ್ಟ ಚೀಲ ಇನ್ನೂ ಇತ್ತು; ಕೊನೆಯ ಗಳಿಗೆಯಲ್ಲಿ ಹತ್ತಿಸಿಕೊಂಡಾರು ಎಂದು ಹಾಕಿಕೊಂಡದ್ದು. ನಾನು ಪಕ್ಕದಲ್ಲಿ ಕೂತೆ. ಅವಳು ಸ್ವಲ್ಪ ಸರಿದು ಕೂತಳು.

"ನೀನು ಯಾಕೆ ಬರಲ್ಲ ಅಂದೆ?"

"ಅಲ್ಲಿಂದ ಸಮುದ್ರ ದೂರ ಕಣೇ. ನಾವು ಲಾಡ್ಜಲ್ಲಿ ಸುಮ್ನೆ ಕೂತಿರ್ಬೇಕಿತ್ತು."

"ಮಾಳಿಗೆಯಿಂದ ಕಾಣ್ತಿತ್ತು" ಎಂದಳು. "ನಂಗೆ ಅಷ್ಟೇ ಸಾಕಿತ್ತು."

ನಾನು ಕಾಲಲ್ಲಿ ಒದ್ದದ್ದು ಅವಳಿಗೆ ಸಾಕಾಗುವಷ್ಟಿತ್ತು ಎಂದು ನನಗೆ ಹೊಳೆದೇ ಇರಲಿಲ್ಲ. ಜಗಳದ ಉದ್ದಕ್ಕೂ ಒಂದು ಸಲವೂ ಅವಳನ್ನು ನೀನೇನಂತೀಯೇ ಎಂದು ನಾನೂ ಕೇಳಿರಲಿಲ್ಲ. ಬಿಸಿಲು ಮೆಟ್ಟಿಲು ಹತ್ತಿ ನಮ್ಮ ಕಾಲಿನವರೆಗೆ ಬಂತು. ಒಳಗೆ ಹೋಗಿ ಅಡುಗೆ ಮಾಡಿದೆ, ಎರಡು ತಟ್ಟೆ ಇಟ್ಟೆ, ಮತ್ತೆ ಬಾಗಿಲಿಗೆ ಬಂದೆ. ಅವಳು ಚೀಲ ಬಿಚ್ಚದೆ ಹಾಗೇ ಕೂತಿದ್ದಳು.

"ಬಾ ಚೂಟಿ, ಊಟ ಮಾಡೋಣ."

ಅವಳು ತಿರುಗಿ ನೋಡಲಿಲ್ಲ.

"ನೀನು ಮಾಡು" ಎಂದಳು.